ಕೊಟ್ಟಿಗೆ ಬಿಟ್ಟು ಇಬ್ಬರೂ ಎರಡು ದಿನ ಹೋಗೋದು ಹೇಗೆ?

ಹೊಲದಂಚು
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಜಮೀನು. ಮೂರು ಹಸು, ಒಂದು ಎಳೆ ಕರು, ಒಂದಿಷ್ಟು ಕೋಳಿ, ಸ್ವಲ್ಪ ತರಕಾರಿ, ಉಳಿದ ಜಾಗದಲ್ಲಿ ಮೇವು. ದುಡಿಯುವವರು ನಾನು, ನನ್ನ ಹೆಂಡತಿ, ಅಷ್ಟೇ. ಕೆಲಸ ಭಾರ ಅಂತ ನಾನು ದೂರುತ್ತಿಲ್ಲ. ಬಿಡುವೇ ಇಲ್ಲ ಅನ್ನೋದು ತೊಂದರೆ. ಬೆಳಿಗ್ಗೆ ಹಾಲು ಕರೆಯಬೇಕು, ಸಂಜೆ ಮತ್ತೆ ಕರೆಯಬೇಕು. ನಡುವೆ ಸಗಣಿ ಬಾಚೋದು, ಮೇವು ಕೊಯ್ಯೋದು, ನೀರು ಹಾಯಿಸೋದು. ಮುಂದಿನ ತಿಂಗಳು ಹೆಂಡತಿಯ ತಂಗಿಯ ಮದುವೆ. ಇಬ್ಬರೂ ಒಟ್ಟಿಗೆ ಎರಡು ದಿನ ಹೋಗಬೇಕು. ಇಲ್ಲಿಯವರೆಗೆ ಒಬ್ಬರು ಹೋದರೆ ಇನ್ನೊಬ್ಬರು ಉಳಿಯುತ್ತಿದ್ದೆವು.

ನೀವೆಲ್ಲ ಏನು ಮಾಡುತ್ತೀರಿ? ಯಾವ ಕೆಲಸ ಮುಂದೂಡಬಹುದು? ಯಾವುದನ್ನು ತಪ್ಪಿಸಲೇಬಾರದು?

ಬಾವಿಕಟ್ಟೆ
ಹಸು ಕೊಟ್ಟುಬಿಡಿ ಅಣ್ಣ. ಆಡು ಸಾಕಿ. ಕರೆಯೋ ತಾಪತ್ರಯವೇ ಇಲ್ಲ. ಮೇವು ನೀರು ಇಟ್ಟು ಬೇಲಿಯೊಳಗೆ ಬಿಟ್ಟರಾಯಿತು.

ಆಡುಮನೆ
ಬಾವಿಕಟ್ಟೆ ಅವರೇ, ಇದನ್ನು ಒಪ್ಪಲಾರೆ. ಆಡನ್ನು ಬೇಲಿಯೊಳಗೆ ಬಿಟ್ಟು ಎರಡು ದಿನ ಹೋಗೋದು ಅಪಾಯ. ಕೊಂಬಿರುವ ಆಡು ತಂತಿಯ ಕಣ್ಣಿನೊಳಗೆ ತಲೆ ತೂರಿಸುತ್ತದೆ, ಹಿಂದಕ್ಕೆ ಎಳೆಯಲು ಬರೋದಿಲ್ಲ. ಬಿಸಿಲಲ್ಲಿ ಹಾಗೇ ಒದ್ದಾಡಿ ಸತ್ತ ಆಡನ್ನು ಪಕ್ಕದವರ ಹೊಲದಲ್ಲಿ ನೋಡಿದ್ದೇನೆ. ದಿನಕ್ಕೆ ಎರಡು ಸಲವಾದರೂ ಯಾರಾದರೂ ಬೇಲಿ ಸುತ್ತಿ ಬರಲೇಬೇಕು.

ಗಬ್ಬದ ಕಾಲ ಸುಮಾರು 150 ದಿನ. ಅವಳಿ ಮರಿ ಸಾಮಾನ್ಯ. ಮರಿ ಹಾಕುವ ವಾರ ಎಲ್ಲಿಗೂ ಹೋಗುವಂತಿಲ್ಲ. ಮಳೆ ಶುರುವಾದರೆ ಜಂತುಹುಳ, ಗೊರಸು ಕೊಳೆಯೋದು. ಆಡಿನ ಕೆಲಸ ಬೇರೆ ಥರದ್ದು, ಕಡಿಮೆ ಏನಲ್ಲ.

ದನದ ಡಾಕ್ಟರಮ್ಮ
ನಾನು ಪಶುವೈದ್ಯೆ. ಹೊಲದಂಚು ಅವರು ಕೇಳಿದ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕರೆಯುವ ಹಸುವಿಗೆ ನೀರು ತಪ್ಪಿಸಬಾರದು. ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ. ಒಂದು ಲೀಟರ್ ಹಾಲಿಗೆ ಸುಮಾರು 4 ಲೀಟರ್ ನೀರು ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಬಿಸಿಲು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಮೇವು ಒಂದು ಹೊತ್ತು ತಡವಾದರೆ ಹಸು ಕೂಗುತ್ತದೆ, ಅಷ್ಟೇ. ನೀರು ತಪ್ಪಿದರೆ ಹಾಲು ಅವತ್ತೇ ಕಡಿಮೆಯಾಗುತ್ತದೆ.

ಎರಡನೆಯದು ಹಾಲು ಕರೆಯೋದು. ಇದನ್ನು ಹೊಸಬರ ಕೈಗೆ ಕೊಡುವಾಗ ಒಂದು ವಿಷಯ ಗೊತ್ತಿರಬೇಕು. ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಬಿಡುಗಡೆಯಾಗುತ್ತದೆ. ಅದರಿಂದಲೇ ಹಾಲು ಇಳಿಯೋದು. ಅದರ ಪ್ರಭಾವ ಇರೋದು ಐದಾರು ನಿಮಿಷ. ಅಷ್ಟರೊಳಗೆ ಕರೆದು ಮುಗಿಸಬೇಕು. ಹಸು ಹೆದರಿದರೆ ಅಡ್ರಿನಲಿನ್ ಅನ್ನೋ ಇನ್ನೊಂದು ಹಾರ್ಮೋನ್ ಬಂದು ಹಾಲು ಅಲ್ಲೇ ನಿಂತುಬಿಡುತ್ತದೆ. ಗೊತ್ತಿಲ್ಲದ ಮನುಷ್ಯ, ಗೊತ್ತಿಲ್ಲದ ವಾಸನೆ, ಕೂಗಾಟ, ಪಕ್ಕದಲ್ಲಿ ನಾಯಿ, ಇಷ್ಟು ಸಾಕು. "ಹಸು ಹಾಲು ಕದ್ದಿಟ್ಟುಕೊಂಡಿತು" ಅಂತ ಹೊಡೆಯುವವರನ್ನು ನೋಡಿದ್ದೇನೆ. ಹೊಡೆದರೆ ಇನ್ನಷ್ಟು ನಿಲ್ಲುತ್ತದೆ.

ಹಾಗಾಗಿ ಬರುವವರು ಯಾರೇ ಆಗಲಿ, ಮೊದಲೇ ಕೆಲವು ದಿನ ನಿಮ್ಮ ಜೊತೆ ಕೂತು ಕರೆಯಲಿ.

ತೋಟದ ದಾರಿ
ಡಾಕ್ಟ್ರೇ, ಒಂದು ಹೊತ್ತು ಕರೆಯದೇ ಬಿಟ್ಟರೆ ಏನಾಗುತ್ತೆ? ನಿಜವಾಗಿ ಕೇಳ್ತಿದ್ದೀನಿ.

ದನದ ಡಾಕ್ಟರಮ್ಮ
ಅದು ಹಸು ಎಂಥದ್ದು ಅನ್ನೋದರ ಮೇಲೆ ಹೋಗುತ್ತದೆ. ಕರು ಹಾಕಿ ಏಳೆಂಟು ತಿಂಗಳಾಗಿ ಹಾಲು ಕಡಿಮೆಯಾಗಿರುವ ಹಸು ತಡೆದುಕೊಳ್ಳುತ್ತದೆ. ಹೊಸದಾಗಿ ಕರು ಹಾಕಿ ಹಾಲು ಜಾಸ್ತಿ ಕೊಡುವ ಹಸು ತಡೆದುಕೊಳ್ಳುವುದಿಲ್ಲ. ಕೆಚ್ಚಲು ಬಿಗಿದು ಹಾಲು ತಾನಾಗಿ ಸೋರುತ್ತದೆ. ಹಾಲು ಸೋರುತ್ತಿರುವ ಮೊಲೆ ಅಂದರೆ ರೋಗಾಣುವಿಗೆ ತೆರೆದ ಬಾಗಿಲು. ಕೆಚ್ಚಲು ಬಾವು ಅಲ್ಲಿಂದಲೇ ಶುರು.

ದಿನಕ್ಕೆ ಒಂದೇ ಸಲ ಕರೆಯುವ ಡೈರಿಗಳು ನ್ಯೂಜಿಲೆಂಡ್‌ನಲ್ಲಿ ಇವೆ. ಅದು ಯೋಚಿಸಿ ಮಾಡಿದ ಪದ್ಧತಿ. ಹಾಲು ಕಡಿಮೆಯಾಗೋದನ್ನು ಒಪ್ಪಿಕೊಂಡೇ ಮಾಡುತ್ತಾರೆ. ಎರಡು ದಿನದ ಮಟ್ಟಿಗೆ ದಿಢೀರ್ ಅಂತ ಹಾಗೆ ಮಾಡೋದು ಬೇರೆ ಮಾತು.

ಕರುವಿನಮ್ಮ
ನಾವು ಮಾಡೋದು ಸುಲಭ. ಎಲ್ಲಿಗಾದರೂ ಹೋಗಬೇಕಾದರೆ ಕರುವನ್ನು ತಾಯಿ ಜೊತೆ ಬಿಟ್ಟು ಹೋಗುತ್ತೇವೆ. ಕರು ಕುಡಿದುಕೊಳ್ಳುತ್ತೆ. ಮಾಮೂಲಿ ದಿನಗಳಲ್ಲೂ ರಾತ್ರಿ ಕರು ಬೇರೆ, ಬೆಳಿಗ್ಗೆ ನಾವು ಕರೆಯೋದು, ಹಗಲೆಲ್ಲ ಕರು ತಾಯಿ ಜೊತೆ. ಸಂಜೆ ಕರೆಯೋದೇ ಇಲ್ಲ. ಹಾಲು ಅರ್ಧ ಹೋಯ್ತು ಅಂತ ಜನ ಹೇಳ್ತಾರೆ. ಆದರೆ ಸಂಜೆ ನಮಗೆ ಸಿಗುತ್ತೆ, ಕರು ಗಟ್ಟಿಮುಟ್ಟಾಗಿ ಬೆಳೆಯುತ್ತೆ.

ಹೊಲದಂಚು
ಕರುವಿನಮ್ಮ ಅಕ್ಕ, ನಮ್ಮ ಮೂರರಲ್ಲಿ ಕರು ಇರೋದು ಒಂದಕ್ಕೆ ಮಾತ್ರ. ಉಳಿದ ಎರಡು ಹಸು ಆ ಕರುವನ್ನು ಹತ್ತಿರ ಸೇರಿಸೋದಿಲ್ಲ, ಒದೆಯುತ್ತವೆ.

ದನದ ಡಾಕ್ಟರಮ್ಮ
ಕರುವಿನಮ್ಮ ಅವರ ಪದ್ಧತಿ ಕಡಿಮೆ ಹಾಲಿನ ಹಸುವಿಗೆ ಚೆನ್ನಾಗಿ ಹೊಂದುತ್ತದೆ. ಜಾಸ್ತಿ ಹಾಲಿನ ಹಸುವಿಗೆ ಹೊಂದೋದಿಲ್ಲ. ಎಳೆ ಕರು ಅಷ್ಟೊಂದು ಹಾಲು ಕುಡಿಯಲಾರದು. ಯಾವಾಗಲೂ ಅಳೆದು ಕುಡಿಸಿದ ಕರುವಿಗೆ ಒಮ್ಮೆಲೇ ಪೂರ್ತಿ ಬಿಟ್ಟರೆ ಭೇದಿ ಶುರುವಾಗಬಹುದು. ಮಾಡುವುದಾದರೆ ಒಂದು ವಾರ ಮೊದಲೇ ನಿಧಾನವಾಗಿ ಅಭ್ಯಾಸ ಮಾಡಿಸಿ.

ಹಸಿರುಮೇವು
ನನ್ನ ಅಭಿಪ್ರಾಯ ಹೇಳ್ತೀನಿ. ಎರಡು ದಿನದ ಉಪಾಯ ಹುಡುಕುವುದಕ್ಕಿಂತ ವರ್ಷದ ಲೆಕ್ಕ ಹಾಕಿ. ಹಸುವಿನ ಗಬ್ಬದ ಕಾಲ ಸುಮಾರು 283 ದಿನ. ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಬೇಕು. ಕೆಚ್ಚಲಿಗೆ ಆ ಬಿಡುವು ಬೇಕೇ ಬೇಕು. ಎಲ್ಲ ಹಸುಗಳನ್ನೂ ಒಂದೇ ಕಾಲಕ್ಕೆ ಕರು ಹಾಕುವಂತೆ ಮಾಡಿದರೆ, ವರ್ಷಕ್ಕೆ ಎರಡು ತಿಂಗಳು ಹಾಲು ಕರೆಯುವ ಕೆಲಸವೇ ಇರೋದಿಲ್ಲ. ಆಗ ಮೇವು, ನೀರು ನೋಡಿಕೊಳ್ಳೋಕೆ ಯಾರಾದರೂ ಸಾಕು. ಹಾಲು ಕರೆಯೋಕೆ ಬರಲೇಬೇಕು ಅಂತಿಲ್ಲ.

ಆದರೆ ಪ್ರತಿ ವರ್ಷ ಅದೇ ತಿಂಗಳಿಗೆ ಕರು ಬೇಕಾದರೆ, ಕರು ಹಾಕಿ ಸುಮಾರು 82 ದಿನದೊಳಗೆ ಹಸು ಮತ್ತೆ ಗಬ್ಬ ನಿಲ್ಲಬೇಕು. ಬೆದೆ, ಅಂದರೆ ಹಸು ಗಬ್ಬಕ್ಕೆ ಸಿದ್ಧವಾಗೋದು, ಬರೋದು 21 ದಿನಕ್ಕೊಮ್ಮೆ. ಒಂದು ಬೆದೆ ತಪ್ಪಿದರೆ ಮೂರು ವಾರ ಹಿಂದೆ ಬಿತ್ತು. ಬೆಳಿಗ್ಗೆ ಬೆದೆ ಕಂಡರೆ ಅವತ್ತು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗಬ್ಬ ಕಟ್ಟಿಸಬೇಕು. ಕ್ಯಾಲೆಂಡರ್‌ನಲ್ಲಿ ಬರೆದಿಡದವರಿಗೆ ಇದು ಆಗೋ ಮಾತಲ್ಲ.

ಬಾವಿಕಟ್ಟೆ
ಎರಡು ತಿಂಗಳು ಹಾಲೇ ಇಲ್ಲದಿದ್ದರೆ ಮನೆ ನಡೆಯೋದು ಹೇಗೆ? ಮೂರು ಹಸು ಇರುವವರು ಒಂದರ ಹಿಂದೆ ಒಂದು ಕರು ಹಾಕಿಸೋದೇ ವರ್ಷಪೂರ್ತಿ ಕೈಗೆ ನಾಲ್ಕು ಕಾಸು ಬರಲಿ ಅಂತ. ನಿಮ್ಮ ಲೆಕ್ಕ ಬೇರೆ ಆದಾಯ ಇರುವವರಿಗೆ ಸರಿ.

ಹಸಿರುಮೇವು
ಒಪ್ಪುತ್ತೇನೆ, ಎಲ್ಲರಿಗೂ ಆಗೋದಿಲ್ಲ. ಆದರೆ ಮೂರರಲ್ಲಿ ಎರಡನ್ನಾದರೂ ಒಂದೇ ಹೊತ್ತಿಗೆ ಬತ್ತಿಸಬಹುದು. ಒಂದೇ ಹಸು ಕರೆಯೋದಿದ್ದರೆ ಪಕ್ಕದವರು ಇಲ್ಲ ಅನ್ನೋದಿಲ್ಲ. ಮೂರು ಅಂದರೆ ಹಿಂದೆ ಸರಿಯುತ್ತಾರೆ.

ಬೆಳಗಿನ ಜಾವ
ಇಷ್ಟೊತ್ತು ಓದುತ್ತಿದ್ದೆ. ಒಂದು ಮಾತು ಹೇಳಲೇಬೇಕು. "ನಾವು ಕರೆಯುತ್ತೇವೆ", "ನಾವು ಬಾಚುತ್ತೇವೆ" ಅಂತ ಎಲ್ಲರೂ ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಕೊಟ್ಟಿಗೆಗೆ ಮೊದಲು ಹೋಗುವವರು ಯಾರು? ನಮ್ಮ ಮನೆಯಲ್ಲಿ ನಾನು. ನಾನು ನೋಡಿದ ಮುಕ್ಕಾಲು ಮನೆಗಳಲ್ಲೂ ಹೆಂಗಸರೇ. ಸಗಣಿ ಬಾಚಿ, ಹಾಲು ಕರೆದು, ಕರುವಿಗೆ ಕುಡಿಸಿ, ಪಾತ್ರೆ ತೊಳೆದು, ಆಮೇಲೆ ಅಡುಗೆ ಮನೆ. ಇದರ ಮೇಲೆ ಹೊಲದ ಕಳೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2011ರ ವರದಿಯಲ್ಲಿ, ಅಭಿವೃದ್ಧಿಶೀಲ ದೇಶಗಳಲ್ಲಿ ಕೃಷಿಯಲ್ಲಿ ದುಡಿಯುವವರಲ್ಲಿ ಸರಾಸರಿ ಶೇಕಡಾ 43ರಷ್ಟು ಹೆಂಗಸರು ಅಂತ ಇದೆ. ಹಟ್ಟಿ ಹಿತ್ತಿಲ ಕೆಲಸವನ್ನು ಎಷ್ಟೋ ಲೆಕ್ಕಗಳಲ್ಲಿ ಕೆಲಸ ಅಂತ ಹಿಡಿಯೋದೇ ಇಲ್ಲ.

ಹೊಲದಂಚು ಅವರೇ, ಇಲ್ಲಿಯವರೆಗೆ ಹೋದವರು ಎಷ್ಟು ಸಲ ನೀವು, ಎಷ್ಟು ಸಲ ನಿಮ್ಮ ಹೆಂಡತಿ? ಜಗಳಕ್ಕೆ ಕೇಳುತ್ತಿಲ್ಲ. ತಂಗಿಯ ಮದುವೆಗೆ ಎರಡೇ ದಿನ ಸಾಲದು. ಅವರು ಮೊದಲೇ ಹೋಗಲಿ, ನೀವು ಆಮೇಲೆ ಸೇರಿಕೊಳ್ಳಿ. ಆಗ ಪಕ್ಕದವರಿಗೆ ಒಪ್ಪಿಸಬೇಕಾದ ಹೊತ್ತುಗಳೂ ಕಡಿಮೆಯಾಗುತ್ತವೆ.

ಹೊಲದಂಚು
ನೀವು ಹೇಳಿದ್ದು ನ್ಯಾಯ ಅಕ್ಕ. ಹೋಗಿದ್ದರಲ್ಲಿ ಹೆಚ್ಚು ಪಾಲು ನನ್ನದೇ. ಅವಳು ನಾಲ್ಕು ದಿನ ಮೊದಲು ಹೋಗಲಿ. ಕರೆಯೋಕೆ ನನಗೂ ಬರುತ್ತೆ, ಆದರೆ ನಡುವಿನ ಹಸು ಅವಳ ಕೈಗೆ ಮಾತ್ರ ಸರಿಯಾಗಿ ಹಾಲು ಬಿಡೋದು. ಅದಕ್ಕೆ ಇವತ್ತಿನಿಂದ ನಾನೇ ಕೂರುತ್ತೇನೆ.

ಮುಯ್ಯಿ
ನಮ್ಮಲ್ಲಿ ಅಕ್ಕಪಕ್ಕದ ನಾಲ್ಕು ಮನೆಯವರು ಒಬ್ಬರದ್ದು ಒಬ್ಬರು ನೋಡಿಕೊಳ್ಳುತ್ತೇವೆ. ದುಡ್ಡಿನ ಮಾತಿಲ್ಲ, ಕೆಲಸಕ್ಕೆ ಕೆಲಸ. ಇದು ನಡೆಯಬೇಕಾದರೆ ಒಬ್ಬರ ಕೊಟ್ಟಿಗೆ ಇನ್ನೊಬ್ಬರಿಗೆ ಪೂರ್ತಿ ಗೊತ್ತಿರಬೇಕು. ನಾವು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇವೆ. ಯಾವ ಹಸುವಿಗೆ ಎಷ್ಟು ಹಿಂಡಿ, ಯಾವುದು ಒದೆಯುತ್ತೆ, ಯಾವುದನ್ನು ಮೊದಲು ಕರೆಯಬೇಕು, ಡಾಕ್ಟರ ನಂಬರ್. ಕೆಚ್ಚಲು ಬಾವು ಆಗಿರುವ ಹಸುವನ್ನು ಯಾವಾಗಲೂ ಕೊನೆಗೇ ಕರೆಯಬೇಕು. ಇಲ್ಲದಿದ್ದರೆ ಅದೇ ಕೈಯಿಂದ ಉಳಿದವಕ್ಕೂ ಹರಡುತ್ತದೆ. ಇದು ಮನೆಯವರಿಗೆ ಗೊತ್ತಿರುತ್ತೆ, ಬಂದವರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು. ಹಿಂಡಿ, ಬೂಸಾದ ಚೀಲ ಬೀಗ ಹಾಕಿ ಇಡಿ. ಒಂದೊಂದು ಹೊತ್ತಿಗೆ ಎಷ್ಟು ಅಂತ ಬೇರೆ ಬೇರೆ ಬಕೆಟ್‌ನಲ್ಲಿ ಅಳೆದಿಡಿ. ಬಂದವರು ಪ್ರೀತಿಯಿಂದ ಎರಡು ಬೊಗಸೆ ಜಾಸ್ತಿ ಹಾಕುತ್ತಾರೆ.

ದನದ ಡಾಕ್ಟರಮ್ಮ
ಮುಯ್ಯಿ ಅವರ ಈ ಮಾತಿಗೆ ಎಲ್ಲರೂ ಗಮನ ಕೊಡಿ. ಧಾನ್ಯ, ಹಿಟ್ಟು ಒಮ್ಮೆಲೇ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ಹಸು ಸಾಯುವುದೂ ಉಂಟು. ಹಗ್ಗ ಬಿಚ್ಚಿಕೊಂಡು ಚೀಲಕ್ಕೆ ಬಾಯಿ ಹಾಕಿದ ಹಸುವಿಗೆ ರಾತ್ರೋರಾತ್ರಿ ಚಿಕಿತ್ಸೆಗೆ ಹೋಗಿದ್ದೇನೆ. ಯಾವ ಮೇವೇ ಆಗಲಿ, ಬದಲಾವಣೆಗೆ ಹತ್ತು ದಿನವಾದರೂ ಬೇಕು. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹೊಸದಕ್ಕೆ ಹೊಂದಿಕೊಳ್ಳಬೇಕು.

ಮತ್ತೆ, ಯಾವುದಾದರೂ ಹಸು ತುಂಬು ಗಬ್ಬ ಇದ್ದರೆ ಹೋಗುವ ದಿನ ನೋಡಿಕೊಳ್ಳಿ. ಕರು ಹಾಕಿದ ಮೊದಲ ಮೂರು ದಿನದಲ್ಲಿ ಹಾಲು ಜ್ವರದ ಭಯ ಹೆಚ್ಚು. ಹೆಸರು ಜ್ವರ, ಆದರೆ ಮೈ ತಣ್ಣಗಿರುತ್ತದೆ. ಕಿವಿ ಮುಟ್ಟಿದರೆ ತಣ್ಣಗೆ, ಹಸು ಎದ್ದು ನಿಲ್ಲೋದಿಲ್ಲ. ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇಳಿದಿರುತ್ತದೆ. ಬೇಗ ಡಾಕ್ಟರನ್ನು ಕರೆಸಿದರೆ ಉಳಿಯುತ್ತದೆ. ಕ್ಯಾಲ್ಸಿಯಂ ಬಾಟಲಿ ತಂದು ನೀವೇ ನರಕ್ಕೆ ಏರಿಸಲು ಹೋಗಬೇಡಿ. ಬೇಗ ಏರಿಸಿದರೆ ಹೃದಯ ನಿಲ್ಲುತ್ತದೆ.

ಹುಟ್ಟಿದ ಕರುವಿಗೆ ಗಿಣ್ಣು ಹಾಲು ಒಂದೆರಡು ಗಂಟೆಯೊಳಗೆ ಹೋಗಬೇಕು. ದಿನ ಮುಗಿಯುವುದರೊಳಗೆ ಅದರ ತೂಕದ ಹತ್ತನೇ ಒಂದು ಭಾಗದಷ್ಟು. 30 ಕಿಲೋ ಕರುವಿಗೆ 3 ಲೀಟರ್. ಒಂದು ದಿನ ಕಳೆದ ಮೇಲೆ ಕುಡಿಸಿದರೆ ಅದರ ರೋಗನಿರೋಧಕ ಶಕ್ತಿ ಕರುವಿನ ರಕ್ತಕ್ಕೆ ಸೇರೋದಿಲ್ಲ. ಇದನ್ನು ಪಕ್ಕದವರ ಮೇಲೆ ಹಾಕಿ ಹೋಗಬೇಡಿ, ದಯವಿಟ್ಟು.

ಪೇಟೆಯಿಂದ ಬಂದವನು
ನಾನು ಹೊಸಬ. ನನಗನ್ನಿಸಿದ್ದು, ಅರ್ಧ ಕೆಲಸ ಯಂತ್ರಕ್ಕೆ ಒಪ್ಪಿಸಬಹುದು. ತೊಟ್ಟಿಗೆ ಫ್ಲೋಟ್ ವಾಲ್ವ್ ಹಾಕಿದ್ದೇನೆ, ನೀರು ಇಳಿದ ಹಾಗೆ ತಾನೇ ತುಂಬುತ್ತದೆ. ತರಕಾರಿಗೆ ಡ್ರಿಪ್, ಅದಕ್ಕೆ ಟೈಮರ್. ನೀರಿಲ್ಲದೆ ಮೋಟಾರ್ ಓಡದಂತೆ ಒಂದು ಯೂನಿಟ್. ಎಲ್ಲವನ್ನೂ ಮೊಬೈಲ್‌ನಲ್ಲೇ ನೋಡಬಹುದು.

ತೋಟದ ದಾರಿ
ಡ್ರಿಪ್ ಚೆನ್ನಾಗಿ ನಡೆಯೋದು ಯಾರಾದರೂ ದಿನಾ ಸಾಲು ಸುತ್ತಿದರೆ ಮಾತ್ರ ತಮ್ಮ. ಫಿಲ್ಟರ್ ಕಟ್ಟಿಕೊಂಡರೆ ಕೊನೆಯ ಸಾಲಿಗೆ ನೀರೇ ಹೋಗೋದಿಲ್ಲ. ಅಳಿಲು, ಇಲಿ ಪೈಪ್ ಕಡಿಯುತ್ತವೆ. ಟೈಮರ್ ಪ್ರಕಾರ ನೀರು ಬಿಟ್ಟಿದೆ, ಗಿಡದ ಬುಡ ಒಣ. ಹೋಗುವ ಹಿಂದಿನ ದಿನ ಫಿಲ್ಟರ್ ತೊಳೆಯಿರಿ. ಪ್ರತಿ ಲ್ಯಾಟರಲ್‌ನ (ಸಾಲಿನುದ್ದ ಹೋಗುವ ಸಣ್ಣ ಪೈಪ್) ತುದಿಯ ಮುಚ್ಚಳ ಬಿಚ್ಚಿ ನೀರು ತಿಳಿಯಾಗುವವರೆಗೆ ಹರಿಸಿ.

ಪೇಟೆಯಿಂದ ಬಂದವನು
ಸರಿ ಅಣ್ಣ, ಇಲಿಯ ವಿಷಯ ಗಮನದಲ್ಲಿ ಇಟ್ಟುಕೊಳ್ಳುತ್ತೇನೆ. ಆದರೂ ನೀರಿನ ತೊಟ್ಟಿಯ ಫ್ಲೋಟ್ ವಾಲ್ವ್ ಬಗ್ಗೆ ನನ್ನ ಮಾತು ನನ್ನದೇ. ಅದರಷ್ಟು ಬಿಡುವು ಕೊಟ್ಟ ವಸ್ತು ಬೇರೆ ಇಲ್ಲ.

ದನದ ಡಾಕ್ಟರಮ್ಮ
ಅದು ನಿಜ. ಮೂರು ಹಸುವಿಗೆ ಕೊಡ ಹೊರುವ ಕೆಲಸ ಪೂರ್ತಿ ಹೋಗುತ್ತದೆ. ತೊಟ್ಟಿ ಪಾಚಿ ಕಟ್ಟದ ಹಾಗೆ ಉಜ್ಜುತ್ತಿರಬೇಕು ಅಷ್ಟೇ.

ಗರಿಕೆ
ಹಸಿ ಮೇವಿನ ಬಗ್ಗೆ ಯಾರೂ ಬರೆದಿಲ್ಲ. ಎರಡು ದಿನಕ್ಕಾಗುವಷ್ಟು ಹಸಿ ಮೇವು ಕೊಯ್ದು ಗುಡ್ಡೆ ಹಾಕಿ ಹೋಗಬೇಡಿ. ಒಳಗೆ ಬಿಸಿಯಾಗಿ ಮುಗ್ಗು ಹಿಡಿಯುತ್ತದೆ. ನೆರಳಲ್ಲಿ ತೆಳ್ಳಗೆ ಹರಡಿ. ಎರಡನೇ ದಿನಕ್ಕೆ ಒಣಹುಲ್ಲು ಇರಲಿ.

ಶಾಶ್ವತ ಪರಿಹಾರ ಬೇಕಾದರೆ ರಸಮೇವು ಮಾಡಿ. ಮೆಕ್ಕೆಜೋಳದ ಕಾಳು ಹಾಲುಗಟ್ಟಿ ಗಟ್ಟಿಯಾಗುತ್ತಿರುವಾಗ ಕೊಯ್ದು, ಸಣ್ಣಗೆ ಕತ್ತರಿಸಿ, ಡ್ರಮ್ ಅಥವಾ ದಪ್ಪ ಚೀಲದಲ್ಲಿ ತುಳಿದು ತುಳಿದು ತುಂಬಬೇಕು. ಗಾಳಿ ಉಳಿಯಲೇಬಾರದು. ಬಾಯಿ ಬಿಗಿದು ಸುಮಾರು 45 ದಿನ ಬಿಟ್ಟರೆ ಸಿದ್ಧ. ತೆಗೆದ ಮೇಲೆ ದಿನಾ ಒಂದು ಪದರ ಬಳಸುತ್ತಾ ಹೋಗಬೇಕು. ದಿನಾ ಕುಡುಗೋಲು ಹಿಡಿಯೋದು ತಪ್ಪುತ್ತದೆ. ಡಾಕ್ಟರಮ್ಮ ಹೇಳಿದ ಹಾಗೆ ನಿಧಾನವಾಗಿ ರೂಢಿ ಮಾಡಿಸಿ, ಮದುವೆ ದಿನ ಬೆಳಿಗ್ಗೆ ಮೊದಲ ಸಲ ಹಾಕಬೇಡಿ.

ಮೇವು ಕತ್ತರಿಸುವ ಯಂತ್ರಕ್ಕೆ ಬೇರೆಯವರನ್ನು ಹಚ್ಚಬೇಡಿ. ಕತ್ತರಿಸಿಟ್ಟು ಹೋಗಿ. ಸಡಿಲ ತೋಳಿನ ಅಂಗಿ, ಸೆರಗು, ಮಕ್ಕಳ ಕೈ ಯಾವುದನ್ನೂ ಅದು ಬಿಡೋದಿಲ್ಲ.

ಆಡುಮನೆ
ಗರಿಕೆ ಅವರ ಮಾತಿಗೆ ಒಂದು ಸೇರಿಸಿ. ಬಂದವರಿಗೆ ಎಳೆ ಜೋಳದ ಹೊಲ ತೋರಿಸಿ "ಇದನ್ನು ಮುಟ್ಟಬೇಡಿ" ಅಂತ ಹೇಳಿ. ಎಳೆ ಪೈರಲ್ಲೂ, ಬರದಲ್ಲಿ ಬಾಡಿ ಮತ್ತೆ ಚಿಗುರಿದ ಪೈರಲ್ಲೂ ಸಯನೈಡ್ ವಿಷ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಬೀಳುತ್ತವೆ. ಡಾಕ್ಟರ್ ಬರುವಷ್ಟು ಹೊತ್ತೂ ಸಿಗದಿರಬಹುದು.

ಕೋಳಿಗೂಡು
ಕೋಳಿ ಸುಲಭ ಅಂತ ಯಾರೂ ಕೇಳಲೇ ಇಲ್ಲ. ರಾತ್ರಿ ಗೂಡಿನ ಬಾಗಿಲು ಹಾಕೋದು ಒಂದೇ ಒಂದು ಕೆಲಸ, ಅದು ತಪ್ಪಿದರೆ ಬೆಳಿಗ್ಗೆ ಒಂದೂ ಇರೋದಿಲ್ಲ. ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ಮುಂಗುಸಿಯನ್ನು ಹೊರಗಿಡೋದಿಲ್ಲ. 12 ಮಿಲಿಮೀಟರ್ ಕಣ್ಣಿನ ಬೆಸುಗೆ ಜಾಲರಿ ಹಾಕಿ. ಅಂಚನ್ನು ಒಂದು ಅಡಿ ಮಣ್ಣೊಳಗೆ ಹೂಳಿ.

ಬೇರೆ ಪ್ರಶ್ನೆ: ನಮ್ಮ ಕೋಳಿಗಳು ಮೊಟ್ಟೆ ನಿಲ್ಲಿಸಿವೆ. ಆಹಾರ ಅದೇ. ಯಾಕಿರಬಹುದು?

ಬೆಳಗಿನ ಜಾವ
ಹಗಲು ಚಿಕ್ಕದಾಗಿದೆಯಲ್ಲ, ಅದಕ್ಕೇ. ಮೊಟ್ಟೆ ಚೆನ್ನಾಗಿ ಬರೋಕೆ 14ರಿಂದ 16 ಗಂಟೆ ಬೆಳಕು ಬೇಕು. ಪುಕ್ಕ ಉದುರಿಸುತ್ತಿದ್ದರೆ ಅದೂ ಕಾರಣ. ಸುಮ್ನೆ ಔಷಧಿ ಹಾಕಬೇಡಿ, ಪುಕ್ಕ ಬಂದ ಮೇಲೆ ತಾವೇ ಶುರುಮಾಡುತ್ತವೆ. ಸುಣ್ಣಕಲ್ಲಿನ ಪುಡಿ ಬೇರೆ ತಟ್ಟೆಯಲ್ಲಿ ಇಡಿ.

ಬಾವಿಕಟ್ಟೆ
ಸಗಣಿ ಎರಡು ದಿನ ಬಾಚದಿದ್ದರೆ? ಹಾಗೇ ತೆಗೆದುಕೊಂಡು ಗಿಡಕ್ಕೆ ಹಾಕಿದರಾಯಿತು, ಅಲ್ವಾ?

ತೋಟದ ದಾರಿ
ಹಸಿ ಸಗಣಿ ಗಿಡಕ್ಕೆ ಬೇಡ. ಹಸು ತಿಂದ ಕಳೆಯ ಬೀಜ ಜೀವಂತವಾಗಿಯೇ ಹೊರಬರುತ್ತದೆ. ತರಕಾರಿಗಂತೂ ರೋಗಾಣುವಿನ ಭಯ. ತಿಪ್ಪೆಯ ಒಳಗೆ 55 ಡಿಗ್ರಿಗಿಂತ ಮೇಲೆ ಬಿಸಿಯಾದರೆ ಅವೆರಡೂ ಸಾಯುತ್ತವೆ. ಅಷ್ಟು ಬಿಸಿಯಾಗಲು ಗುಡ್ಡೆ ಎಲ್ಲ ಕಡೆಗೂ ಒಂದು ಮೀಟರ್‌ ಆದರೂ ಇರಬೇಕು. ಸಗಣಿ ಜೊತೆ ಒಣ ಎಲೆ, ಹುಲ್ಲು ಸೇರಿಸಿ. ಹಿಂಡಿದ ಒದ್ದೆ ಬಟ್ಟೆಯಷ್ಟು ತೇವ ಸಾಕು. ನಡುನಡುವೆ ಮಗುಚಿ. ನೆರಳಿಲ್ಲದ ಕಡೆ ಸುಮ್ನೆ ರಾಶಿ ಹಾಕಿದ ಸಗಣಿಯಲ್ಲಿ ಸಾರಜನಕ ಗಾಳಿಗೆ ಹೋಗುತ್ತದೆ, ಉಳಿಯೋದು ಬರೀ ಹೊಟ್ಟು.

ಆದರೆ ಬಾಚೋದನ್ನು ಬಿಡಬೇಡಿ. ಸಗಣಿ ಮೇಲೆ ಮಲಗಿದ ಹಸುವಿಗೆ ಡಾಕ್ಟರಮ್ಮ ಮೇಲೆ ಬರೆದ ಕೆಚ್ಚಲು ಬಾವಿನ ಭಯ. ಕರೆದ ಮೇಲೆ ಅರ್ಧ ಗಂಟೆ ಮೇವು ಹಾಕಿ ನಿಲ್ಲಿಸಬೇಕು, ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಮುಯ್ಯಿ
ಗೋಬರ್ ಗ್ಯಾಸ್ ಗುಂಡಿ ಇರುವವರು, ಬಂದವರಿಗೆ ಅದರೊಳಗೆ ಇಳಿಯಬೇಡಿ ಅಂತ ಗಟ್ಟಿಯಾಗಿ ಹೇಳಿ. ಏನಾದರೂ ಬಿದ್ದರೂ ಇಳಿಯಬಾರದು. ಕೆಟ್ಟ ಗಾಳಿಗೆ ಒಬ್ಬ ಬೀಳುತ್ತಾನೆ, ಅವನನ್ನು ಎತ್ತಲು ಹೋದ ಇನ್ನೊಬ್ಬನೂ ಬೀಳುತ್ತಾನೆ. ಹಳೆಯ ಬಾವಿಗೂ ಇದೇ ಮಾತು.

ಹೊಲದಂಚು
ನಮ್ಮಲ್ಲಿ ಬಾವಿಯ ಮೇಲೆ ಮೋಟಾರ್ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಎಳೆಯೋದೇ ಇಲ್ಲ. ಪಕ್ಕದವರು ಸ್ವಿಚ್ ಹಾಕಿ ಹೋದರೆ ಸುಟ್ಟುಹೋಗುತ್ತೆ ಅನ್ನೋ ಭಯ. ದೊಡ್ಡ ಹೆಚ್‌ಪಿ ಹಾಕಿಸಲಾ?

ಹಸಿರುಮೇವು
ಹಾಕಿಸಿ, ಎಳೆಯುತ್ತೆ.

ಪೇಟೆಯಿಂದ ಬಂದವನು
ಇಲ್ಲ, ಹಸಿರುಮೇವು ಅವರೇ. ಮೇಲೆ ಕೂತ ಪಂಪ್ ನೀರನ್ನು ತಾನಾಗಿ ಎಳೆಯೋದಿಲ್ಲ. ಪೈಪಿನಲ್ಲಿ ಗಾಳಿ ಖಾಲಿಯಾದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಲೆಕ್ಕದಲ್ಲಿ ಅದರ ಮಿತಿ 10.3 ಮೀಟರ್. ಕೆಲಸದಲ್ಲಿ 7 ಮೀಟರ್ ಸುಮಾರು. ಎಷ್ಟು ಹೆಚ್‌ಪಿ ಹಾಕಿದರೂ ಇದು ಬದಲಾಗದು. ನೀರು ಅದಕ್ಕಿಂತ ಕೆಳಗಿದ್ದರೆ ಪಂಪನ್ನೇ ಕೆಳಗೆ ಇಳಿಸಬೇಕು, ಇಲ್ಲವೇ ನೀರೊಳಗೆ ಮುಳುಗುವ ಪಂಪ್ ಹಾಕಬೇಕು.

ಹಸಿರುಮೇವು
ನಮ್ಮ ಬಾವಿಯಲ್ಲಿ ಹಾಕಿದ ಮೇಲೆ ಎಳೀತು ಅಲ್ಲ?

ತೋಟದ ದಾರಿ
ಹೊಸ ಪಂಪ್ ಜೊತೆ ಫುಟ್ ವಾಲ್ವ್ (ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಕೂಡ ಹೊಸದು ಹಾಕಿಸಿರುತ್ತೀರಿ. ಕೆಲಸ ಮಾಡಿದ್ದು ಅದೇ ಇರಬೇಕು. ಹೊಲದಂಚು, ಖರ್ಚು ಮಾಡುವ ಮೊದಲು ಹೀಗೆ ನೋಡು. ಸಂಜೆ ಪಂಪಿಗೆ ನೀರು ತುಂಬಿಸಿ ಬಿಡು. ಬೆಳಿಗ್ಗೆ ಮುಚ್ಚಳ ತೆಗೆದು ನೋಡು. ನೀರು ಹಾಗೇ ನಿಂತಿದ್ದರೆ ಫುಟ್ ವಾಲ್ವ್ ಸರಿ ಇದೆ, ಆಗ ಆಳ ಅಳೆಯಬೇಕು. ಇಳಿದುಹೋಗಿದ್ದರೆ ವಾಲ್ವಿನ ವಾಷರ್ ಸವೆದಿದೆ, ಇಲ್ಲವೇ ಎಲೆ ಸಿಕ್ಕಿಕೊಂಡಿದೆ.

ಹೊಲದಂಚು
ಸರಿ ಅಣ್ಣ. ಇವತ್ತೇ ತುಂಬಿಸಿಡುತ್ತೇನೆ.